ಸಹಾಯಕ ಕೋಚ್ ಬದಲಾದಾಗ ತಂಡದಲ್ಲಿ ನಿಜಕ್ಕೂ ಏನು ಬದಲಾಗುತ್ತದೆ?

ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್ ನೋಡುವವರಿಗೆ ಈ ಸುದ್ದಿ ಹೊಸದಲ್ಲ. ತಂಡ ಸಾಲಾಗಿ ಸೋಲುತ್ತದೆ, ಹೆಡ್ ಕೋಚ್ ಉಳಿಯುತ್ತಾರೆ, ಅವರ ಕೆಳಗಿನ ಒಬ್ಬ ಕೋಆರ್ಡಿನೇಟರ್ (ಆಟದ ಒಂದು ವಿಭಾಗ ನೋಡಿಕೊಳ್ಳುವ ಸಹಾಯಕ ಕೋಚ್) ಹೊರಗೆ ಹೋಗುತ್ತಾರೆ. ಇಂಥ ಸುದ್ದಿ ಬಂದಾಗ ಮೊದಲು ನೋಡಬೇಕಾದದ್ದು ಒಂದೇ: ಇದು ಸೀಸನ್ ಮಧ್ಯದಲ್ಲಿ ಆಯಿತಾ, ಮುಗಿದ ಮೇಲೆ ಆಯಿತಾ? ಮಧ್ಯದಲ್ಲಿ ಬದಲಾಗುವುದು ಬಹುತೇಕ ಪ್ಲೇ (ಮೊದಲೇ ರೂಪಿಸಿಟ್ಟ ಒಂದೊಂದು ನಡೆ) ಆರಿಸುವ ವ್ಯಕ್ತಿ ಮಾತ್ರ. ಆಟದ ಪದ್ಧತಿಯನ್ನೇ ಬದಲಿಸಲು ಸೀಸನ್ ಮುಗಿಯಬೇಕು. ಈ ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ಯಾರ ಕೆಲಸ ಏನು

ಹೆಡ್ ಕೋಚ್ ಕೈಕೆಳಗೆ ಅಫೆನ್ಸ್ (ಚೆಂಡು ಇಟ್ಟುಕೊಂಡು ಮುನ್ನುಗ್ಗುವುದು), ಡಿಫೆನ್ಸ್ (ಎದುರಾಳಿಯನ್ನು ತಡೆಯುವುದು), ಸ್ಪೆಷಲ್ ಟೀಮ್ಸ್ (ಚೆಂಡು ಒದೆಯುವ ಸಂದರ್ಭಗಳು) ಅಂತ ಮೂರು ಕೋಆರ್ಡಿನೇಟರ್‌ಗಳು ಇರುತ್ತಾರೆ. ಅವರ ಕೆಳಗೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಅಫೆನ್ಸ್ ನಡೆಸುವ ಆಟಗಾರ) ಕೋಚ್, ಲೈನ್ (ಮುಂದೆ ಸಾಲಾಗಿ ನಿಲ್ಲುವ ಆಟಗಾರರು) ಕೋಚ್ ಹೀಗೆ ಒಂದೊಂದು ಸ್ಥಾನಕ್ಕೆ ಒಬ್ಬೊಬ್ಬರು. ಅಫೆನ್ಸ್ ಪ್ಲೇಗಳನ್ನು ಕೆಲವು ತಂಡಗಳಲ್ಲಿ ಹೆಡ್ ಕೋಚ್ ಕರೆಯುತ್ತಾರೆ (ಅಂದರೆ ಆರಿಸಿ ಹೇಳುತ್ತಾರೆ), ಉಳಿದ ಕಡೆ ಕೋಆರ್ಡಿನೇಟರ್. ಇದನ್ನು ಮೊದಲೇ ತಿಳಿದುಕೊಳ್ಳಿ. ಪ್ಲೇ ಕರೆಯದ ಕೋಆರ್ಡಿನೇಟರ್‌ನನ್ನು ತೆಗೆದರೆ ಭಾನುವಾರದ ಆಟದಲ್ಲಿ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ.

ತಂಡಗಳು ಕೋಚ್‌ಗಳ ಮೇಲೆಯೇ ಯಾಕೆ ಕೈ ಹಾಕುತ್ತವೆ? ಆಟಗಾರರನ್ನು ಬದಲಿಸುವುದು ಕಷ್ಟ. ಅವರ ಸಂಬಳಕ್ಕೆ ಲೀಗ್ ಮಿತಿ ಇದೆ, ವಿನಿಮಯಕ್ಕೂ ಸೀಸನ್ ಮಧ್ಯದಲ್ಲೇ ಗಡುವು ಮುಗಿಯುತ್ತದೆ. ಕೋಚ್‌ಗಳ ಸಂಬಳ ಆ ಮಿತಿಯೊಳಗೆ ಬರುವುದಿಲ್ಲ. ಮಾಲೀಕರು ದುಡ್ಡು ಕೊಡಲು ಸಿದ್ಧರಿದ್ದರೆ ಆಯಿತು.

ಸೀಸನ್ ಮಧ್ಯದಲ್ಲಿ ಕೈ ಕಟ್ಟಿಹಾಕುವುದು ಯಾವುದು

ಹೊರಗಿನಿಂದ ಒಳ್ಳೆಯವರನ್ನು ತರೋಣ ಅಂದರೆ ಅವರೆಲ್ಲ ಬೇರೆ ತಂಡಗಳ ಜೊತೆ ಕರಾರಿನಲ್ಲಿ ಇರುತ್ತಾರೆ. ಹಾಗಾಗಿ ಒಳಗಿನವರಿಗೇ ಬಡ್ತಿ. ಅಫೆನ್ಸ್ ಆದರೆ ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಕೋಚ್‌ಗೆ.

ಅವರಿಗೆ ಸಿಗುವ ಸಮಯ ನೋಡಿ. ಭಾನುವಾರ ಆಟ. ಸೋಮವಾರ ಅದರ ವಿಡಿಯೊ ನೋಡುವುದು. ಮಂಗಳವಾರ ಆಟಗಾರರಿಗೆ ರಜೆ, ಕೋಚ್‌ಗಳು ಮುಂದಿನ ಗೇಮ್ ಪ್ಲಾನ್ ಬರೆಯುತ್ತಾರೆ. ಬುಧವಾರದಿಂದ ಶುಕ್ರವಾರದವರೆಗೆ ಅಭ್ಯಾಸ. ಶನಿವಾರ ಮೈಗೆ ಜಾಸ್ತಿ ಶ್ರಮ ಕೊಡದೆ ಸುಮ್ನೆ ಒಂದು ಸಲ ಎಲ್ಲವನ್ನೂ ನೆನಪಿಸಿಕೊಳ್ಳುವುದು. ಇಷ್ಟರಲ್ಲಿ ಹೊಸ ಪ್ಲೇಬುಕ್ (ತಂಡದ ಪ್ಲೇಗಳ ಸಂಗ್ರಹ) ಕಲಿಸಲು ಆಗುವುದಿಲ್ಲ. ಪ್ಲೇಗಳ ಹೆಸರು, ಸನ್ನೆ, ಲೈನ್‌ನವರು ಯಾರನ್ನು ತಡೆಯಬೇಕು ಅನ್ನುವ ನಿಯಮ ಎಲ್ಲವೂ ಆಗಸ್ಟ್‌ನ ಶಿಬಿರದಲ್ಲಿ ಕಲಿತದ್ದೇ.

ಆಟದ ನಡುವೆಯಂತೂ ಸಮಯ ಇನ್ನೂ ಕಡಿಮೆ. ಹಿಂದಿನ ಪ್ಲೇ ಮುಗಿದ ಮೇಲೆ 40 ಸೆಕೆಂಡಿನ ಗಡಿಯಾರ ಓಡುತ್ತದೆ. ಅದು 15ಕ್ಕೆ ಇಳಿದ ಕೂಡಲೇ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್‌ನೊಳಗಿನ ರೇಡಿಯೊ ಕಟ್ ಆಗುತ್ತದೆ. ಅಂದರೆ ಕೋಚ್ ಕೈಯಲ್ಲಿರುವುದು ಹೆಚ್ಚೆಂದರೆ 25 ಸೆಕೆಂಡು. ಅಷ್ಟರಲ್ಲಿ ಪ್ಲೇ ಆರಿಸಿ, ಹೇಳಿ, ಕ್ವಾರ್ಟರ್‌ಬ್ಯಾಕ್ ಅದನ್ನು ಹತ್ತು ಜನರಿಗೆ ದಾಟಿಸಲು ಸಮಯ ಬಿಡಬೇಕು. ಯಾವ ಪ್ಲೇಯನ್ನು ಯಾವಾಗ ಕರೆಯಬೇಕು, ಎಷ್ಟು ಓಟ, ಎಷ್ಟು ಪಾಸ್, ಎಷ್ಟು ಬೇಗ: ಹೊಸ ಕೋಆರ್ಡಿನೇಟರ್ ಮುಖ್ಯವಾಗಿ ಮುಟ್ಟಬಲ್ಲದ್ದು ಇಷ್ಟನ್ನೇ. ಆದರೆ ಇದು ಸಣ್ಣದಲ್ಲ.

ಬಫಲೊ, 2023

ಇದನ್ನು ನಿಧಾನವಾಗಿ ನೋಡುವುದು ಒಳ್ಳೆಯದು. 2023ರ ನವೆಂಬರ್ 13ರ ಸೋಮವಾರ ರಾತ್ರಿ ಬಫಲೊ ಬಿಲ್ಸ್ ತಂಡ ಡೆನ್ವರ್ ವಿರುದ್ಧ 24-22ರಲ್ಲಿ ಸೋತಿತು. ಕೊನೆಯ ಕ್ಷಣದಲ್ಲಿ ಡೆನ್ವರ್ ಒದ್ದ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಅಂಕ ಗಳಿಸುವ ಯತ್ನ) ಗುರಿ ತಪ್ಪಿತ್ತು. ಬಫಲೊ ಗೆದ್ದೇಬಿಟ್ಟಿತು ಅನ್ನುವಷ್ಟರಲ್ಲಿ, ಬಫಲೊದವರು ಮೈದಾನದಲ್ಲಿ 11ರ ಬದಲು 12 ಜನರನ್ನು ನಿಲ್ಲಿಸಿದ್ದಾರೆ ಅಂತ ದಂಡ ಬಿತ್ತು. ಡೆನ್ವರ್ ಹತ್ತಿರದಿಂದ ಮತ್ತೆ ಒದ್ದು ಗೆದ್ದಿತು. ಆ ತಪ್ಪು ಸ್ಪೆಷಲ್ ಟೀಮ್ಸ್‌ನದು. ಮರುದಿನ ಕೆಲಸ ಕಳೆದುಕೊಂಡವರು ಅಫೆನ್ಸಿವ್ ಕೋಆರ್ಡಿನೇಟರ್ ಕೆನ್ ಡಾರ್ಸಿ.

ಅನ್ಯಾಯ ಅಲ್ವಾ ಅನ್ನಿಸುತ್ತದೆ. ಆದರೆ ಅದೇ ಆಟದಲ್ಲಿ ಬಫಲೊ 4 ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿತ್ತು. ತಂಡ 5-5ರಲ್ಲಿ (5 ಗೆಲುವು, 5 ಸೋಲು) ನಿಂತಿತ್ತು. ಕೊನೆಯ ಒದೆತವನ್ನು ಬದಿಗಿಟ್ಟು ನೋಡಿದರೂ ಅಫೆನ್ಸ್ ಕಡೆ ರೋಗ ಇತ್ತು.

ಕ್ವಾರ್ಟರ್‌ಬ್ಯಾಕ್ ಕೋಚ್ ಜೋ ಬ್ರೇಡಿ ಆ ಜಾಗಕ್ಕೆ ಬಂದರು. ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ಬದಲಾಗಲಿಲ್ಲ, ಲೈನ್ ಬದಲಾಗಲಿಲ್ಲ. ಬದಲಾದದ್ದು ಓಟಕ್ಕೆ ಕೊಟ್ಟ ಪಾಲು. ಡಿಸೆಂಬರ್ 17ರಂದು ಡಲ್ಲಾಸ್ ವಿರುದ್ಧ ಬಫಲೊದ ಜೇಮ್ಸ್ ಕುಕ್ ಚೆಂಡು ಹಿಡಿದು 179 ಗಜ ಓಡಿದರು. ಲೀಗ್‌ನ ಅತ್ಯಂತ ಗಟ್ಟಿ ತೋಳಿನ ಪಾಸರ್‌ಗಳಲ್ಲಿ ಒಬ್ಬರಾದ ಆಲನ್ ಆ ದಿನ ಎಸೆದದ್ದು ಬರೀ 94 ಗಜ. ಬಫಲೊ 31-10ರಲ್ಲಿ ಗೆದ್ದಿತು. ಉಳಿದ 7 ಆಟಗಳಲ್ಲಿ 6 ಗೆದ್ದು, 11-6ರಲ್ಲಿ ಮುಗಿಸಿ, ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಪ್ಲೇಬುಕ್ ಅದೇ ಇದ್ದು, ಆರಿಸುವ ಕೈ ಬೇರೆಯಾದರೆ ಏನಾಗಬಹುದು ಅನ್ನುವುದಕ್ಕೆ ನನ್ನ ಪ್ರಕಾರ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

2012ರ ಬಾಲ್ಟಿಮೋರ್ ರೇವನ್ಸ್ ಉದಾಹರಣೆಯನ್ನು ಎಲ್ಲರೂ ಹೇಳುತ್ತಾರೆ. ತಂಡ 9-4ರಲ್ಲಿ ಇದ್ದಾಗಲೇ ಡಿಸೆಂಬರ್‌ನಲ್ಲಿ ಅಫೆನ್ಸಿವ್ ಕೋಆರ್ಡಿನೇಟರ್ ಕ್ಯಾಮ್ ಕ್ಯಾಮರನ್ ಅವರನ್ನು ತೆಗೆದು ಜಿಮ್ ಕಾಲ್ಡ್‌ವೆಲ್‌ಗೆ ಕೊಟ್ಟರು, ಕೊನೆಗೆ ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದರು. ಆದರೆ ಕಾಲ್ಡ್‌ವೆಲ್‌ರ ಮೊದಲ ಆಟದಲ್ಲಿ ತಂಡ ಡೆನ್ವರ್‌ಗೆ 34-17ರಲ್ಲಿ ಸೋತಿತ್ತು. ಪ್ಲೇಆಫ್‌ಗೆ (ಕೊನೆಯ ನಾಕೌಟ್ ಹಂತ) ಲೈನ್‌ನ ಆಟಗಾರರ ಸ್ಥಾನಗಳನ್ನೂ ಅದಲುಬದಲು ಮಾಡಿದ್ದರು. ಹಾಗಾಗಿ ಎಲ್ಲ ಹೆಸರನ್ನೂ ಒಬ್ಬರಿಗೇ ಕೊಡಬೇಡಿ.

ಚಿಕಾಗೊ, 2024

ಇಲ್ಲಿ ಕಥೆ ಉಲ್ಟಾ. ಚಿಕಾಗೊ ಬೇರ್ಸ್ 4-2ರಲ್ಲಿ ಶುರು ಮಾಡಿ ಕುಸಿಯಿತು. ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ವಿರುದ್ಧ 19-3ರಲ್ಲಿ ಸೋತ ಮೇಲೆ ಅಫೆನ್ಸಿವ್ ಕೋಆರ್ಡಿನೇಟರ್ ಶೇನ್ ವಾಲ್ಡ್ರನ್ ಹೋದರು, ಥಾಮಸ್ ಬ್ರೌನ್ ಬಂದರು. ಮೊದಲ ವರ್ಷದ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ಆಟ ಸುಧಾರಿಸಿದಂತೆ ಕಂಡಿತು. ಆದರೂ ಮುಂದಿನ ಮೂರು ಆಟಗಳೂ ಕೈ ತಪ್ಪಿದವು: ಗ್ರೀನ್ ಬೇ ವಿರುದ್ಧ 20-19, ಮಿನ್ನೆಸೋಟ ವಿರುದ್ಧ 30-27, ಡೆಟ್ರಾಯ್ಟ್ ವಿರುದ್ಧ 23-20.

ಡೆಟ್ರಾಯ್ಟ್ ಆಟದ ಕೊನೆಯನ್ನು ಮತ್ತೆ ಮತ್ತೆ ನೋಡಿ. ಸುಮಾರು ಅರ್ಧ ನಿಮಿಷ ಉಳಿದಿದೆ, ಗಡಿಯಾರ ನಿಲ್ಲಿಸಲು ಒಂದು ಟೈಮ್ಔಟ್ ಕೈಯಲ್ಲಿದೆ. ವಿಲಿಯಮ್ಸ್ ಅವರನ್ನು ಕೆಡವುತ್ತಾರೆ. ಗಡಿಯಾರ ಓಡುತ್ತಲೇ ಇದೆ, ಯಾರೂ ಟೈಮ್ಔಟ್ ಕೇಳುವುದಿಲ್ಲ. ಕೊನೆಗೆ ಒಂದು ಉದ್ದದ ಎಸೆತ ನೆಲಕ್ಕೆ ಬೀಳುತ್ತದೆ, ಆಟ ಮುಗಿಯುತ್ತದೆ. ಟೈಮ್ಔಟ್ ತೀರ್ಮಾನ ಹೆಡ್ ಕೋಚ್‌ಗೆ ಸೇರಿದ್ದು. ಮರುದಿನ ಹೆಡ್ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಅವರನ್ನೇ ತೆಗೆದರು. ಮೇಲಿನ ಹಂತದಲ್ಲಿ ತೊಂದರೆ ಇದ್ದಾಗ ಕೆಳಗಿನವರನ್ನು ಬದಲಿಸಿದರೆ ಅಂಕಪಟ್ಟಿ ಅಲುಗಾಡುವುದಿಲ್ಲ. ತಂಡ 5-12ರಲ್ಲಿ ಮುಗಿಸಿತು.

ಫಿಲಡೆಲ್ಫಿಯಾ: ಒಂದೇ ತಂಡ, ಎರಡೂ ದಾರಿ

2023ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ 10-3ರಲ್ಲಿತ್ತು. ಎರಡು ಸೋಲಿಗೇ ಗಾಬರಿಯಾಗಿ, ಡಿಫೆನ್ಸ್ ಪ್ಲೇ ಕರೆಯುವ ಕೆಲಸವನ್ನು ಶಾನ್ ದೇಸಾಯಿ ಅವರಿಂದ ಕಿತ್ತು ಮ್ಯಾಟ್ ಪೆಟ್ರೀಷಿಯಾಗೆ ಕೊಟ್ಟರು. ಆಮೇಲಿನ ನಾಲ್ಕು ಲೀಗ್ ಆಟಗಳಲ್ಲಿ ಗೆದ್ದದ್ದು ಒಂದು. ಪ್ಲೇಆಫ್‌ನಲ್ಲಿ ಟ್ಯಾಂಪಾ ಬೇ 32-9ರಲ್ಲಿ ಮನೆಗೆ ಕಳಿಸಿತು.

ಸೀಸನ್ ಮುಗಿದ ಮೇಲೆ ಹೆಡ್ ಕೋಚ್ ನಿಕ್ ಸಿರಿಯಾನಿ ಉಳಿದರು. ಡಿಫೆನ್ಸ್‌ಗೆ ವಿಕ್ ಫಾಂಜಿಯೊ, ಅಫೆನ್ಸ್‌ಗೆ ಕೆಲ್ಲೆನ್ ಮೂರ್ ಬಂದರು. ಈ ಸಲ ಪದ್ಧತಿಯೇ ಹೊಸದು, ಅದನ್ನು ಕಲಿಸಲು ವಸಂತದಿಂದ ಆಗಸ್ಟ್‌ವರೆಗೆ ಸಮಯವಿತ್ತು. 2024ರಲ್ಲಿ ಎದುರಾಳಿಗಳಿಗೆ ಅತಿ ಕಡಿಮೆ ಗಜ ಬಿಟ್ಟುಕೊಟ್ಟ ಡಿಫೆನ್ಸ್ ಇವರದೇ. 2025ರ ಫೆಬ್ರವರಿ 9ರ ಸೂಪರ್ ಬೌಲ್‌ನಲ್ಲಿ ಕಾನ್ಸಾಸ್ ಸಿಟಿಯನ್ನು 40-22ರಲ್ಲಿ ಸೋಲಿಸಿದರು.

ಇದರಲ್ಲಿ ಕೋಚ್‌ಗಳ ಪಾಲೆಷ್ಟು ಅಂತ ಬೇರ್ಪಡಿಸುವುದು ಸುಲಭವಲ್ಲ. ಅದೇ ವರ್ಷ ಸೇಕ್ವಾನ್ ಬಾರ್ಕ್ಲಿ ಬಂದು 2,005 ಗಜ ಓಡಿದರು. ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಕ್ರಮ) ಸಿಕ್ಕ ಕ್ವಿನ್ಯಾನ್ ಮಿಚೆಲ್, ಕೂಪರ್ ಡೀಜೀನ್ ಹಿಂಭಾಗದ ಡಿಫೆನ್ಸ್ ಗಟ್ಟಿ ಮಾಡಿದರು. ಅಭ್ಯಾಸಕ್ಕೆ ಒಂದು ಕೆಲಸ ಮಾಡಿ ನೋಡಿ: ಡಿಸೆಂಬರ್ 2023ರ ಒಂದು ಈಗಲ್ಸ್ ಆಟ, ಡಿಸೆಂಬರ್ 2024ರ ಒಂದು ಆಟ ಪಕ್ಕಪಕ್ಕ ಇಟ್ಟುಕೊಳ್ಳಿ. ಎರಡರಲ್ಲೂ ಎದುರಾಳಿಯ ಥರ್ಡ್ ಡೌನ್ (ಹತ್ತು ಗಜ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಪ್ಲೇಗಳನ್ನಷ್ಟೇ ನೋಡಿ, ಪ್ರತಿ ಪ್ಲೇ ಮುಂದೆ ಒಂದು ಸಾಲು ಬರೆಯಿರಿ: ಇಲ್ಲಿ ವ್ಯತ್ಯಾಸ ಮಾಡಿದ್ದು ಕರೆದ ಪ್ಲೇಯಾ, ನಿಂತ ಜಾಗವಾ, ಆಟಗಾರನ ಕಾಲಿನ ವೇಗವಾ?