ಮೆಕ್ಕೆಜೋಳದ ನೆಂಟ ನಮ್ಮ ಮಿದುಳಿನಲ್ಲಿ

ದಾವಣಗೆರೆ ಸುತ್ತ ಭದ್ರಾ ನೀರು ಹತ್ತದ ಕಡೆಯೆಲ್ಲ ಮಳೆಗಾಲದಲ್ಲಿ ಮೆಕ್ಕೆಜೋಳ ಜಾಸ್ತಿ. ನಮ್ಮ ದೊಡ್ಡಪ್ಪನ ಹೊಲದಲ್ಲೂ ಅದೇ. ಹಾಕಿದ ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಅದನ್ನು ಅರಗಿಸಿಕೊಳ್ಳಲು ಗಿಡಕ್ಕೊಂದು ಕಿಣ್ವ ಬೇಕು, ಆ ಕಿಣ್ವಕ್ಕೆ ಚೂರು ಮಾಲಿಬ್ಡಿನಂ ಬೇಕು. ಲೋಹವನ್ನು ಸುಮ್ನೆ ಕೊಟ್ಟರೆ ಆಗದು, ಒಂದು ಪುಟ್ಟ ಅಣುವಿನೊಳಗೆ ಕೂರಿಸಿ ಕೊಡಬೇಕು. ಹಾಗೆ ಕೂರಿಸುವ ಪ್ರೋಟೀನಿನ ಹತ್ತಿರದ ನೆಂಟನೊಬ್ಬ ನಮ್ಮ ಮಿದುಳಿನಲ್ಲಿದ್ದಾನೆ. ಹೆಸರು ಗೆಫಿರಿನ್.

ಅವನು ಸಿಕ್ಕಿದ್ದು ವಿಷದ ಬೆನ್ನು ಹತ್ತಿ. ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಇರುತ್ತದೆ. ಅದು ಮೈಗೆ ಸೇರಿದರೆ ಸಣ್ಣ ಸದ್ದಿಗೂ ದೇಹ ಬಿಲ್ಲಿನಂತೆ ಸೆಟೆಯುತ್ತದೆ. ಕಾರಣ, ಬೆನ್ನುಹುರಿಯ ನರಗಳನ್ನು ತಡೆಯುವ ಗ್ಲೈಸಿನ್ ಗ್ರಾಹಕಗಳನ್ನು (ಗ್ಲೈಸಿನ್ ಎಂಬ ರಾಸಾಯನಿಕವನ್ನು ಹಿಡಿಯುವ, ಕೋಶದ ಪೊರೆಯಲ್ಲಿರುವ ಪ್ರೋಟೀನುಗಳನ್ನು) ಅದು ಹಿಡಿದು ಕಟ್ಟಿಹಾಕುತ್ತದೆ. ಈ ಹಿಡಿತವನ್ನೇ ಗಾಳ ಮಾಡಿಕೊಂಡು ಜರ್ಮನಿಯ ಹೈನ್ರಿಚ್ ಬೆಟ್ಸ್ ತಂಡ ಇಲಿಯ ಬೆನ್ನುಹುರಿಯಿಂದ ಗ್ರಾಹಕವನ್ನು ಬೇರ್ಪಡಿಸಿತು. ಅದರ ಜೊತೆ 93 ಕಿಲೋಡಾಲ್ಟನ್ ತೂಕದ ಇನ್ನೊಂದು ಪ್ರೋಟೀನು ಕರೆಯದೇ ಬಂತು. ಅದು 1982. ಮುಂದೆ ಅದಕ್ಕೆ ಗ್ರೀಕ್ ಭಾಷೆಯ 'ಸೇತುವೆ'ಯಿಂದ ಗೆಫಿರಿನ್ ಎಂಬ ಹೆಸರು ಬಂತು.

ಸೇತುವೆ ಯಾಕೆ ಬೇಕು? ತಡೆಯುವ ನರ ಗ್ಲೈಸಿನ್ ಅಥವಾ ಗಾಬಾ ಎಂಬ ರಾಸಾಯನಿಕ ಬಿಡುತ್ತದೆ. ಎದುರಿನ ಕೋಶದ ಗ್ರಾಹಕ ಬಾಗಿಲು ತೆರೆಯುತ್ತದೆ, ಕ್ಲೋರೈಡ್ ಒಳನುಗ್ಗುತ್ತದೆ, ಕೋಶ ಸುಮ್ಮನಾಗುತ್ತದೆ. ತೊಂದರೆ ಏನಂದರೆ, ಕೋಶದ ಪೊರೆ ಎಣ್ಣೆಯ ಹಾಗೆ. ಗ್ರಾಹಕಗಳು ಅದರಲ್ಲಿ ತೇಲಾಡುತ್ತವೆ. ರಾಸಾಯನಿಕ ಸುರಿಯುವ ಜಾಗದ ಎದುರೇ ಅವು ಗುಂಪಾಗಿರಬೇಕು, ಅಲ್ವಾ? ಗೆಫಿರಿನ್ ಒಂದು ತುದಿಯಲ್ಲಿ ಮೂರು ಮೂರಾಗಿ, ಇನ್ನೊಂದು ತುದಿಯಲ್ಲಿ ಎರಡೆರಡಾಗಿ ಕೂಡಿಕೊಂಡು ಪೊರೆಯಡಿ ಬಲೆ ಹೆಣೆಯುತ್ತದೆ ಎಂಬುದು ಈಗಿನ ತಿಳಿವಳಿಕೆ. ಗ್ರಾಹಕಗಳು ಬಂದು ಅದಕ್ಕೆ ತಗುಲಿಕೊಳ್ಳುತ್ತವೆ. ಶಾಶ್ವತವಾಗಿ ಅಲ್ಲ. ನಮ್ಮೂರ ಬೆಣ್ಣೆದೋಸೆ ಹೋಟೆಲಿನ ಬೆಂಚು ನೋಡಿ: ಕೂತವರು ಏಳುತ್ತಲೇ ಇರುತ್ತಾರೆ, ಬೆಂಚು ಮಾತ್ರ ಖಾಲಿ ಆಗುವುದಿಲ್ಲ. ಗೆಫಿರಿನ್‌ಗೆ ಜೊತೆಗಾರ ಪ್ರೋಟೀನುಗಳೂ ಇವೆ. ನ್ಯೂರೋಲಿಜಿನ್-2 ಎದುರು ದಡದ ನರಕ್ಕೆ ಕೈ ಚಾಚಿರುತ್ತದೆ. ಕೊಲಿಬಿಸ್ಟಿನ್ ಗೆಫಿರಿನ್ ಅನ್ನು ಪೊರೆಯ ಬಳಿಗೆ ಕರೆತರುತ್ತದೆ.

ಮಾಲಿಬ್ಡಿನಂ ಕೆಲಸವನ್ನೂ ಗೆಫಿರಿನ್ ಬಿಟ್ಟಿಲ್ಲ, ನಮ್ಮ ಯಕೃತ್ತಿನಲ್ಲಿ ಅದನ್ನೇ ಮಾಡುತ್ತದೆ. ಒಂದೇ ಪ್ರೋಟೀನಿಗೆ ಇಂಥ ಸಂಬಂಧವೇ ಇಲ್ಲದ ಎರಡು ಕೆಲಸ ಅಂದರೆ ನಂಬಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು. 1998ರಲ್ಲಿ ಗೆಫಿರಿನ್ ಜೀನ್ ತೆಗೆದ ಇಲಿಮರಿಗಳ ವಿವರ ಹೊರಬಂತು. ಅವುಗಳ ಬೆನ್ನುಹುರಿಯಲ್ಲಿ ಗ್ಲೈಸಿನ್ ಗ್ರಾಹಕಗಳು ಗುಂಪುಗೂಡಿರಲಿಲ್ಲ. ಮಾಲಿಬ್ಡಿನಂ ಬೇಡುವ ಕಿಣ್ವಗಳೂ ಕೆಲಸ ನಿಲ್ಲಿಸಿದ್ದವು. ಮರಿಗಳು ಹುಟ್ಟಿ ಒಂದು ದಿನವೂ ಬದುಕಲಿಲ್ಲ.