ಅಂಗಳದ ಬಾಟಲಿಗೆ ಬಿದ್ದ ಮಳೆ

"ದೊಡ್ಡ ಪಾತ್ರೆ ಇಟ್ರೆ ಮಳೆ ಜಾಸ್ತಿ ತೋರ್ಸುತ್ತಲ್ವಾ?"

ಮಡಿಕೇರಿ ಸುತ್ತಮುತ್ತಲಿನ ಮನೆಗಳಲ್ಲಿ ಈ ಪ್ರಶ್ನೆ ನನಗೆ ಎಷ್ಟು ಸಲ ಎದುರಾಗಿದೆಯೋ ಲೆಕ್ಕವಿಲ್ಲ. ವರ್ಷದ ನಾಲ್ಕು ತಿಂಗಳು ಮಳೆಯೊಳಗೇ ಬದುಕುವವರು ನಾವು. ತೋಟದ ಡೈರಿಯಲ್ಲಿ "ಇವತ್ತು ಎರಡಿಂಚು ನಲವತ್ತು ಸೆಂಟ್" ಎಂದು ಬರೆದಿಡುವ ಅಭ್ಯಾಸವೂ ನಮ್ಮಲ್ಲಿದೆ (ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಪಾಲು). ಆದರೂ ಆ ಇಂಚು ಯಾವುದರ ಇಂಚು ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ.

ಅದು ದಪ್ಪದ ಅಳತೆ. ಕಣದಲ್ಲಿ ಕಾಫಿ ಹರವುವುದನ್ನು ನೆನೆಸಿಕೊಳ್ಳಿ. "ಎರಡಿಂಚು ದಪ್ಪಕ್ಕೆ ಹರವಿ" ಎಂದರೆ ಕಣ ಚಿಕ್ಕದಿರಲಿ, ದೊಡ್ಡದಿರಲಿ, ದಪ್ಪ ಎರಡೇ ಇಂಚು. ದೊಡ್ಡ ಕಣಕ್ಕೆ ಹೆಚ್ಚು ಮೂಟೆ ಹಿಡಿಯುತ್ತದೆ, ಅಷ್ಟೆ. ಅಕ್ಕಿ ರೊಟ್ಟಿಯೂ ಹಾಗೆಯೇ: ಅಂಗೈಯಗಲ ತಟ್ಟಿದರೂ ಕಾವಲಿಯಗಲ ತಟ್ಟಿದರೂ ದಪ್ಪವನ್ನು ಒಂದೇ ಸಮ ಇಡಬಹುದು, ಹಿಟ್ಟು ಮಾತ್ರ ಬೇರೆ ಬೇರೆ. ಮಳೆ ಎಂದರೆ ಆಕಾಶ ನೆಲದ ಮೇಲೆ ತಟ್ಟಿದ ನೀರಿನ ರೊಟ್ಟಿ. ಹರಿಯದೆ, ಇಂಗದೆ, ಆವಿಯಾಗದೆ ಬಿದ್ದಲ್ಲೇ ನಿಂತಿದ್ದರೆ ಆ ನೀರು ಎಷ್ಟು ದಪ್ಪ ಇರುತ್ತಿತ್ತು? ಅದೇ ಮಳೆಯ ಪ್ರಮಾಣ. ಅಗಲ ಬಾಯಿಯ ಹಂಡೆ ಹೆಚ್ಚು ನೀರು ಹಿಡಿಯುತ್ತದೆ ನಿಜ, ಆದರೆ ಆ ನೀರು ಹರಡಿಕೊಳ್ಳುವುದೂ ಅಷ್ಟೇ ಅಗಲದ ತಳದ ಮೇಲೆ. ಹಂಡೆಯಲ್ಲೂ ಲೋಟದಲ್ಲೂ ಎತ್ತರ ಒಂದೇ, ಗೋಡೆ ನೇರವಾಗಿರಬೇಕು ಅಷ್ಟೆ.

ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ 1 ಲೀಟರ್ ನೀರು. ಒಂದು ಎಕರೆಯ ಮೇಲೆ ಒಂದು ಇಂಚು ಎಂದರೆ ಸುಮಾರು 1,03,000 ಲೀಟರ್. 12 ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತರಿಸುವುದಾದರೆ ಎಂಟು ಟ್ಯಾಂಕರ್ ತುಂಬಿಯೂ ನೀರು ಮಿಕ್ಕುತ್ತದೆ! ಈ ಲೆಕ್ಕ ಮೊದಲ ಸಲ ಮಾಡಿದ ದಿನ ನಾನು ಜಗಲಿಯಲ್ಲಿ ನಿಂತು ನಮ್ಮ ಒಂದೂವರೆ ಎಕರೆಯನ್ನು ಬಹಳ ಹೊತ್ತು ನೋಡುತ್ತಿದ್ದೆ.

ನಮ್ಮನೆಯಲ್ಲಿ ಅಳತೆ ಶುರುವಾದದ್ದು ಹೆದರಿಕೆಯಿಂದ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದ ಮೇಲೆ ನಮ್ಮತ್ತೆಗೆ ಮಳೆಗಾಲದ ನಿದ್ದೆಯೇ ಹೋಯಿತು. ಮರುವರ್ಷ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಮಗಳಿಗೆ ಶಾಲೆ ಇಲ್ಲ. ಸಿಗ್ನಲ್ ಬಂದಾಗಲೆಲ್ಲ ವಾಟ್ಸಾಪಿನಲ್ಲಿ ಯಾರದೋ ಭವಿಷ್ಯವಾಣಿ. ಸಾಕಾಗಿ, ಮಗಳೂ ನಾನೂ ಅಂಗಳದಲ್ಲಿ ಒಂದು ಬಕೆಟ್ ಇಟ್ಟೆವು. ಬೆಳಿಗ್ಗೆ ಸ್ಕೇಲ್ ಇಳಿಸಿ ನೋಡಿದರೆ ಪಕ್ಕದ ತೋಟದ ಮಾಪಕ ತೋರಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ತಪ್ಪು ಬಕೆಟ್ಟಿನ ಆಕಾರದಲ್ಲಿತ್ತು. ಬಾಯಿ 28 ಸೆಂಟಿಮೀಟರ್, ತಳ 20. ಅಗಲ ಬಾಯಿ ಹಿಡಿದ ಮಳೆ ಕಿರಿದಾದ ತಳದಲ್ಲಿ ನಿಂತಾಗ ಎತ್ತರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇದನ್ನು ಮಗಳೇ ವೃತ್ತದ ವಿಸ್ತೀರ್ಣ ಹಾಕಿ ಕಂಡುಹಿಡಿದಳು. ಆ ದಿನ ಅವಳ ಮುಖ ನೋಡಬೇಕಿತ್ತು. ಬಕೆಟ್ಟಿನ ಜಾಗಕ್ಕೆ ನೇರ ಗೋಡೆಯ ಬಾಟಲಿ ಬಂತು.

ಅನಿಶ್ಚಿತತೆ ಮನಸ್ಸನ್ನು ಹೇಗೆ ಹಿಂಡುತ್ತದೆ ಎಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಅಳೆದು ನೋಡಿದ್ದಾರೆ. 2016ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 45 ಮಂದಿ ಕಂಪ್ಯೂಟರ್ ಪರದೆಯ ಮೇಲೆ ಕಲ್ಲುಗಳನ್ನು ಮಗುಚುತ್ತಾ ಅಡಿಯಲ್ಲಿ ಹಾವಿದೆಯೇ ಎಂದು ಊಹಿಸಬೇಕಿತ್ತು. ಹಾವಿದ್ದರೆ ಕೈಗೆ ಚುರುಕ್ಕೆನ್ನುವ ವಿದ್ಯುತ್ ಪೆಟ್ಟು. ಪೆಟ್ಟು ಬಿದ್ದೇ ಬೀಳುತ್ತದೆ ಎಂದು ಗೊತ್ತಿದ್ದಾಗಿನ ಒತ್ತಡಕ್ಕಿಂತ, ಬೀಳಲೂಬಹುದು ಬೀಳದೆಯೂ ಇರಬಹುದು ಎಂಬ ಅರ್ಧಕ್ಕರ್ಧ ಸ್ಥಿತಿಯಲ್ಲೇ ಒತ್ತಡ ಅತಿ ಹೆಚ್ಚು. ಅತ್ತೆಯ ನಿದ್ದೆ ಹೋದ ಕಾರಣ ನನಗೆ ಅರ್ಥವಾದದ್ದು ಇದನ್ನು ಓದಿದಾಗಲೇ.

ಬಾಟಲಿಯಿಂದ ಗುಡ್ಡದ ಗುಟ್ಟು ತಿಳಿಯುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ದಿನಗಟ್ಟಲೆ ಸುರಿದ ನೀರು ಮಣ್ಣಿನ ಕಣಗಳ ನಡುವೆ ತುಂಬಿ, ಒತ್ತಡ ಹೆಚ್ಚಿಸಿ, ಅವುಗಳ ಹಿಡಿತ ಸಡಿಲಿಸುತ್ತದೆ. ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ಬಿರುಕು ಬಿಟ್ಟರೆ, ಒರತೆಯ ನೀರು ದಿಢೀರನೆ ಕೆಂಪಾದರೆ, ಅಳೆಯುತ್ತಾ ಕೂರದೆ ಮನೆ ಬಿಡಬೇಕು. ಬಾಟಲಿ ನಮಗೆ ಕೊಟ್ಟದ್ದು ಬೇರೆ. "ಇಂಥ ಮಳೆ ಯಾವತ್ತೂ ಬಂದಿಲ್ಲ" ಎನ್ನುತ್ತಿದ್ದ ಅತ್ತೆ ಈಗ "ನೆನ್ನೆಗಿಂತ 14 ಮಿಲಿಮೀಟರ್ ಕಮ್ಮಿ ಕಣಮ್ಮ" ಎನ್ನುತ್ತಾರೆ.

ಈ ಖುಷಿ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಮುಂದೆ ಒಂದು ಅರತ್ನಿ, ಅಂದರೆ ಮೊಳದಗಲ ಬಾಯಿಯ ಪಾತ್ರೆ ಇಟ್ಟು ಮಳೆ ಅಳೆಯಬೇಕೆಂಬ ಮಾತಿದೆ. ಕೊರಿಯಾದಲ್ಲಿ 1441ರ ಸುಮಾರಿಗೆ ಸೆಜಾಂಗ್ ದೊರೆಯ ಕಾಲದಲ್ಲಿ ಮಳೆಮಾಪಕಗಳು ಬಂದವು. 1639ರಲ್ಲಿ ಇಟಲಿಯ ಪೆರೂಜಾದಲ್ಲಿ ಗೆಲಿಲಿಯೋನ ಶಿಷ್ಯ ಕಾಸ್ಟೆಲ್ಲಿ ಒಂದು ಗಾಜಿನ ಪಾತ್ರೆಯನ್ನು ಮಳೆಗೆ ಹಿಡಿದು, ತ್ರಾಸಿಮೆನೊ ಸರೋವರ ಎಷ್ಟು ಏರಬಹುದೆಂದು ಲೆಕ್ಕ ಹಾಕಿ ಗುರುವಿಗೆ ಕಾಗದ ಬರೆದ. ಒಂದು ಪುಟ್ಟ ಪಾತ್ರೆ ಇಡೀ ಸರೋವರದ ಪರವಾಗಿ ಮಾತಾಡಬಲ್ಲದು! ಮತ್ತೆ ಅದೇ ರೊಟ್ಟಿಯ ನ್ಯಾಯ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು ಹಳೆಯ ಮಳೆ ದಾಖಲೆಗಳ ಚಿತ್ರಗಳನ್ನು ಜನರ ಮುಂದಿಟ್ಟು, ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿಕೊಡಿ ಎಂದು ಕೇಳಿಕೊಂಡರು. ಮನೆಯಲ್ಲೇ ಕುಳಿತ ಸುಮಾರು 16,000 ಮಂದಿ 16 ದಿನಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಅಂಕಿಗಳನ್ನು ಏರಿಸಿದರು. ನಮ್ಮ ತೋಟದ ಮನೆಗಳ ಅಟ್ಟದಲ್ಲೂ ಹಳೆಯ ಡೈರಿಗಳಿವೆ. ಗೆದ್ದಲಿಗೆ ಬಿಡಬೇಡಿ, ದಯವಿಟ್ಟು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ. ಇಂಥ ಸೀಮೆಯಲ್ಲಿ ಪ್ರತಿ ಅಂಗಳದ ಅಂಕಿಗೂ ಬೆಲೆಯಿದೆ.

ಮಾಡುವುದು ಸುಲಭ. ಗೋಡೆ ನೇರವಿರುವ ಎರಡು ಲೀಟರಿನ ಬಾಟಲಿಯ ಭುಜದ ಕೆಳಗೆ ಕತ್ತರಿಸಿ, ಮೇಲಿನ ತುಂಡನ್ನು ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಹಾಕಿ, ಅಲ್ಲಿಗೆ ಸೊನ್ನೆ ಗೆರೆ ಎಳೆಯಿರಿ. ಸೂರಿನಿಂದಲೂ ಮರದಿಂದಲೂ ದೂರ ಇಡಿ. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8.30ಕ್ಕೆ ನೋಡಿ. ಜೋರು ಮಳೆಯ ದಿನ ಬಾಟಲಿ ತುಂಬುವ ಮೊದಲೇ ಅಳೆದು, ಚೆಲ್ಲಿ, ಕೂಡಿಸಿಕೊಳ್ಳಿ.

ನಮ್ಮನೆಯಲ್ಲಿ 10 ಮಿಲಿಮೀಟರಿಗೆ ಒಂದರಂತೆ ಕಾಫಿ ಬೀಜವನ್ನು ಗಾಜಿನ ಭರಣಿಗೆ ಹಾಕುವ ಉಪಾಯ ಅತ್ತೆಯದು. ತಿಂಗಳಿಗೊಂದು ಭರಣಿ. ಜುಲೈಯ ಭರಣಿಯ ಪಕ್ಕ ಮಾರ್ಚಿನದನ್ನಿಟ್ಟರೆ ಪಾಪ, ತಳದಲ್ಲಿ ಎರಡು ಬೀಜ. ಆದರೆ ಆ ಎರಡೇ ಬೀಜ ನಮಗೆ ಹೂಮಳೆ, ಕಾಫಿ ಮೊಗ್ಗನ್ನು ಅರಳಿಸುವ ಮಳೆ. ಅದು ಬಿದ್ದ ದಿನ ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ದಿನ ಎಣಿಸತೊಡಗಿದಳು. ಎಂಟನೇ ದಿನ ಮೊಗ್ಗು ಬಿಳಿಯಾಗಿತ್ತು. ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮನೆಯೊಳಗೆ ಕಾಫಿ ಹೂವಿನ ಗಮ.