ಖಿನ್ನತೆ ಇದ್ದವರು ಆಂಬುಲೆನ್ಸ್ ಡ್ಯೂಟಿ ಮಾಡಬಹುದಾ?

12 ಕಿಲೋ ತೂಕದ ಮಗುವಿನ ಹೃದಯ ನಿಂತಿದೆ. ಅಡ್ರಿನಲಿನ್ ಕೊಡಬೇಕು. ಕಿಲೋಗೆ 0.01 ಮಿಲಿಗ್ರಾಂ ಲೆಕ್ಕ, ಅಂದರೆ 0.12 ಮಿಲಿಗ್ರಾಂ. 10 ಮಿಲಿಲೀಟರ್ ಸಿರಿಂಜ್‌ನಲ್ಲಿ 1 ಮಿಲಿಗ್ರಾಂ ಔಷಧಿ ಇದ್ದರೆ ಒಳಗೆ ಹೋಗಬೇಕಾದದ್ದು 1.2 ಮಿಲಿಲೀಟರ್. ಪಕ್ಕದಲ್ಲಿ ಮನೆಯವರು ಅಳುತ್ತಿರುವಾಗಲೇ ಈ ಲೆಕ್ಕ ಆಗಬೇಕು. ಒಂದು ಚುಕ್ಕೆ ಆಚೀಚೆ ಆದರೆ ಡೋಸ್ ಹತ್ತು ಪಟ್ಟು.

ಈ ಲೆಕ್ಕ ಮಾಡುವವರಿಗೇ ಖಿನ್ನತೆ ಇದ್ದರೆ? ಅದೇನೂ ಅಪರೂಪವಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2018ರ ಒಂದು ವಿಶ್ಲೇಷಣೆಯಲ್ಲಿ, ಆಂಬುಲೆನ್ಸ್ ಸಿಬ್ಬಂದಿಯಲ್ಲಿ ಸುಮಾರು ಶೇ. 15ರಷ್ಟು ಜನರಿಗೆ ಖಿನ್ನತೆ ಕಂಡುಬಂತು.

ಖಿನ್ನತೆ ಅಂದರೆ ಸುಮ್ನೆ ಬೇಜಾರಲ್ಲ. ಗಮನ ನಿಲ್ಲುವುದಿಲ್ಲ, ತೀರ್ಮಾನ ತಡವಾಗುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆಯದ್ದು ಚಿಕ್ಕ ವಿಷಯ ಅಂದುಕೊಳ್ಳಬೇಡಿ. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರ ಒಂದು ಪ್ರಯೋಗ ತೋರಿಸಿತು. ಹಾಗೆ ನೋಡಿದರೆ 24 ಗಂಟೆಯ ಶಿಫ್ಟ್ ಮುಗಿಸುವಾಗ ಯಾವ ಕಾಯಿಲೆಯೂ ಇಲ್ಲದವರೂ ಅನ್‌ಫಿಟ್ಟೇ. ಅವರನ್ನು ಮಾತ್ರ ಯಾರೂ ಕೇಳುವುದಿಲ್ಲ, ಅಲ್ವಾ?

ಹಾಗಾಗಿ ಕೇಳಬೇಕಾದದ್ದು ಕಾಯಿಲೆಯ ಹೆಸರನ್ನಲ್ಲ; ಇವತ್ತು ಇವರಿಂದ ಈ ಕೆಲಸ ಆಗುತ್ತದಾ ಅನ್ನುವುದನ್ನು. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ 9 ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರು ಮುಂದೆ ವಿಚಾರಿಸುತ್ತಾರೆ. ಆದರೆ ಗಾಡಿ ಓಡಿಸಬಲ್ಲರಾ, ಡೋಸ್ ಲೆಕ್ಕ ಹಾಕಬಲ್ಲರಾ ಅಂತ ಅದು ಹೇಳುವುದಿಲ್ಲ. ಮೇಲಾಗಿ, ಉತ್ತರ ಬರೆಯುವವರು ಅವರೇ. ಕೆಲಸ ಹೋಗುವ ಭಯವಿದ್ದರೆ ಯಾರು ತಾನೇ ನಿಜ ಬರೆಯುತ್ತಾರೆ?

ವಿಮಾನಯಾನದಲ್ಲಿ ಈ ಪಾಠ ಮೊದಲೇ ಕಲಿತರು. ಅಮೆರಿಕದಲ್ಲಿ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವ ಪೈಲಟ್‌ಗೆ ಹಾರಾಟವೇ ಬಂದ್ ಆಗಿತ್ತು. ಆಗ ಎರಡೇ ದಾರಿ: ಕಾಯಿಲೆ ಮುಚ್ಚಿಡುವುದು, ಇಲ್ಲವೇ ಮಾತ್ರೆ ಮುಚ್ಚಿಡುವುದು. 2010ರಲ್ಲಿ ನಿಯಮ ಬದಲಾಯಿತು. ಫ್ಲೂಯೊಕ್ಸೆಟಿನ್, ಸೆರ್ಟ್ರಾಲಿನ್ ಸೇರಿ ನಾಲ್ಕು ಔಷಧಿಗಳಲ್ಲಿ ಒಂದನ್ನು ತೆಗೆದುಕೊಂಡು ಸ್ಥಿರವಾಗಿರುವವರು, ತಪಾಸಣೆಯ ನಂತರ ಹಾರಬಹುದು ಎಂದಾಯಿತು.

ಆಂಬುಲೆನ್ಸ್‌ಗೂ ಇದು ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಸಾಯುವ ಯೋಚನೆ ಬರುತ್ತಿದ್ದರೆ ಡ್ಯೂಟಿ ಆಮೇಲೆ, ಆ ದಿನವೇ ವೈದ್ಯರ ಬಳಿ ಹೋಗಬೇಕು. ಮಾತ್ರೆ ಶುರುವಾದ ಮೊದಲ ಕೆಲವು ವಾರ ಮಂಪರು ಅಥವಾ ಚಡಪಡಿಕೆ ಇರಬಹುದು, ಗುಣ ಕಾಣುವುದೂ ನಿಧಾನ. ಅಲ್ಲಿಯವರೆಗೆ ಸ್ಟೀರಿಂಗ್ ಬೇಡ, ಒಬ್ಬರೇ ಔಷಧಿ ಕೊಡುವುದೂ ಬೇಡ. ಅಂಥವರನ್ನು ತುರ್ತು ಕರೆ ತೆಗೆದುಕೊಳ್ಳುವ ಕಂಟ್ರೋಲ್ ರೂಮ್‌ಗೆ ಹಾಕುತ್ತೇವೆ ಅನ್ನುತ್ತಾರೆ ಮೇಲಧಿಕಾರಿಗಳು. ದಿನವಿಡೀ ಕಿರುಚಾಟ ಕೇಳುವ ಆ ಜಾಗವೇನೂ ಹಗುರವಲ್ಲ. ತರಬೇತಿಯೋ ಸ್ಟೋರ್ಸ್ ಕೆಲಸವೋ ಕೊಡಬಹುದು, ಪೂರ್ತಿ ಸಂಬಳದ ಜೊತೆ. ಸಂಬಳ ಕಡಿತವಾದರೆ ಮುಂದಿನವರು ಬಾಯಿ ಬಿಡುವುದಿಲ್ಲ.